ಮಲ್ಲಿಗೆಯ ಬುಡಕ್ಕೆ ಹೊದಿಸಿದ್ದು

ನಲವತ್ತು ವರ್ಷ ಹೋಟೆಲಿನಲ್ಲಿ ದುಡಿದವನಿಗೆ ಒಂದು ನಂಬಿಕೆ ಬಂದುಬಿಡುತ್ತದೆ: ಮುಚ್ಚಿಟ್ಟರೆ ಎಲ್ಲ ಸರಿಯಾಗಿರುತ್ತದೆ. ಚಟ್ನಿ ಮುಚ್ಚಿಡು, ಸಾಂಬಾರು ಮುಚ್ಚಿಡು, ರುಬ್ಬಿದ ಹಿಟ್ಟು ಮುಚ್ಚಿಡು. ನೊಣ, ಧೂಳು, ಹೆಲ್ತ್ ಇನ್ಸ್‌ಪೆಕ್ಟರು, ಎಲ್ಲಕ್ಕೂ ಅದೇ ಮದ್ದು. ಮೈಲಾಪೂರಿನ ಒಂದು ಸಸ್ಯಾಹಾರಿ ಹೋಟೆಲಿಗೆ ನಾನು ಸಪ್ಲೈಯರ್ ಆಗಿ ಸೇರಿದವನು, ಮ್ಯಾನೇಜರ್ ಆಗಿ ನಿವೃತ್ತನಾದೆ. ಅಷ್ಟು ವರ್ಷ "ಮುಚ್ಚಳ ಹಾಕಿ ಮಾರಾಯ್ರೆ" ಎಂದು ಅಡಿಗೆಮನೆಯ ಕಡೆ ಮುಖ ಮಾಡಿ ಕೂಗಿದ್ದೇ ನನ್ನ ದೊಡ್ಡ ಸಾಧನೆ. ಅದೇ ಬುದ್ಧಿಯನ್ನು ಮನೆಯ ಹಿಂದಿನ ತೋಟಕ್ಕೂ ತಂದೆ. ಅದರಿಂದ ಏನಾಯಿತೆಂಬುದನ್ನು ಬರೆಯುತ್ತಿದ್ದೇನೆ. ಓದಿದವರು ನನಗೆ ಸಮಾಧಾನ ಹೇಳಬೇಕಾಗಿಲ್ಲ. ಹೇಳಲು ಬಂದವರ ಮೇಲೆಲ್ಲ ನಾನು ರೇಗಿದ್ದೇನೆ.

ತೋಟ ಎಂದರೆ ದೊಡ್ಡ ತೋಟವೇನಲ್ಲ. ಅಡ್ಯಾರಿನಲ್ಲಿ ನಮ್ಮದು ಹಳೆಯ ಫ್ಲಾಟು, ನೆಲಮಹಡಿ. ಅಡಿಗೆಮನೆಯ ಹಿಂಬಾಗಿಲಿನಿಂದ ಕಾಂಪೌಂಡ್ ಗೋಡೆಯವರೆಗೆ ಒಂದು ಪಟ್ಟಿ ಮಣ್ಣು, ಅಗಲ ಎರಡು ಮಂಚ ಹಾಕುವಷ್ಟು. ಅದರಲ್ಲಿ ನನ್ನ ಹೆಂಡತಿ ಗುಂಡುಮಲ್ಲಿಗೆ, ಕನಕಾಂಬರ, ನಂದಿಬಟ್ಟಲು, ಕೆಂಪು ದಾಸವಾಳ, ಸುಗಂಧರಾಜ, ಮೂಲೆಗೆ ಒಂದು ಮರುಗ, ಇಷ್ಟನ್ನು ಬೆಳೆಸಿದ್ದಳು. ಒಂದು ಹಂಗಾಮಿಗೆ ಹೂ ಬಿಟ್ಟು ಸಾಯುವ ಗಿಡ ಅವಳಿಗೆ ಆಗುತ್ತಿರಲಿಲ್ಲ. ನರ್ಸರಿಯವನು ಬಣ್ಣ ಬಣ್ಣದ ಸೇವಂತಿಗೆ ಕುಂಡ ತೋರಿಸಿದರೆ, "ನೆಂಟ್ರ ಥರ ಬಂದು ಹೋಗೋವು ಬೇಡಪ್ಪ, ಬಂದ್ಮೇಲೆ ಇರ್ಬೇಕು" ಅನ್ನುತ್ತಿದ್ದಳು. ಮಲ್ಲಿಗೆ ಬಳ್ಳಿಗೆ ನಮ್ಮ ಮಗಳಿಗಿಂತ ಎರಡೇ ವರ್ಷ ಕಡಿಮೆ ವಯಸ್ಸು. ಅದರ ಕಾಂಡ ನನ್ನ ಮಣಿಕಟ್ಟಿನಷ್ಟು ದಪ್ಪವಾಗಿತ್ತು.

ನನ್ನ ಹೆಂಡತಿ ಇಲ್ಲೇ ಒಂದು ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿದ್ದಳು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅರ್ಧ ಗಂಟೆ ಆ ಪಟ್ಟಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳುತ್ತಿದ್ದಳು. ಅವಳ ಆಯುಧ ನಮ್ಮ ಹೋಟೆಲಿನಿಂದ ನಾನೇ ತಂದುಕೊಟ್ಟ, ಹಿಡಿ ಮುರಿದ, ದೋಸೆ ಮಗುಚುವ ಸಟ್ಟುಗ. ಅದರ ಅಂಚನ್ನು ಗಿಡದ ಪಕ್ಕ ಓರೆಯಾಗಿ ತೂರಿಸಿ ಒಂದು ಸಲ ಮೀಟಿದರೆ ಜೇಕಿನ ಹುಲ್ಲು ಗಡ್ಡೆಸಮೇತ ಮೇಲೆ ಬರುತ್ತಿತ್ತು. ನಿವೃತ್ತಿಯಾದ ಮೇಲೂ ಆ ಅರ್ಧ ಗಂಟೆ ನಿಲ್ಲಲಿಲ್ಲ, ಒಂದು ಗಂಟೆಯಾಯಿತು. ನಾನು ಬಾಗಿಲಲ್ಲಿ ಕಾಫಿ ಹಿಡಿದು ನಿಂತು ಬಿಟ್ಟಿ ಸಲಹೆ ಕೊಡುತ್ತಿದ್ದೆ. ಮಂಡಿ ನೋವಿನವನಿಂದ ಬೇರೇನೂ ಆಗುತ್ತಿರಲಿಲ್ಲ.

ನಾನು ಉಡುಪಿಯ ಕಡೆಯವನು, ಅವಳು ಮಂಡ್ಯದ ಕಡೆಯವಳು. ನಮ್ಮ ಪರಿಚಯವಾದದ್ದೇ ಜಗಳದಿಂದ. ಹೋಟೆಲಿಗೆ ಊಟಕ್ಕೆ ಬಂದವಳು ಕ್ಯಾಷಿನ ಹತ್ತಿರ ನಿಂತು, "ಸಾಂಬಾರಿಗೆ ಬೆಲ್ಲ ಹಾಕಿದೀರೋ, ಬೆಲ್ಲಕ್ಕೆ ಸಾಂಬಾರ್ ಹಾಕಿದೀರೋ?" ಎಂದು ಅಚ್ಚ ಮೈಸೂರು ಕನ್ನಡದಲ್ಲಿ ಕೇಳಿದಳು. ಮದರಾಸಿನಲ್ಲಿ ಕನ್ನಡದಲ್ಲಿ ಬೈಸಿಕೊಳ್ಳುವುದೂ ಒಂದು ಭಾಗ್ಯ. ಜಾತಿ ಬೇರೆ, ಸೀಮೆ ಬೇರೆ. ಮದುವೆಗೆ ಎರಡೂ ಕಡೆಯವರು ಬರಲಿಲ್ಲ. ಅವಳ ತಮ್ಮನೊಬ್ಬ ಮಾತ್ರ ಹತ್ತಾರು ವರ್ಷಗಳ ನಂತರ ಫೋನು ಮಾಡಲು ಶುರುಮಾಡಿದ. ನನ್ನ "ಉಂಟು", "ಹೇಳ್ಲಿಕ್ಕೆ", "ಎಂತದು" ಕೇಳಿ ಅವಳು ಜೀವಮಾನವಿಡೀ ನಕ್ಕಳು. ಅವಳ ಕನ್ನಡದಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಪಾಠ ಹೇಳಿದ ಹಾಗೆ ಒಂದೊಂದು ಅಕ್ಷರವೂ ಇಸ್ತ್ರಿ ಹಾಕಿದಂತಿರುತ್ತಿತ್ತು.

ಹೋದ ಬೇಸಗೆಯ ಒಂದು ಬೆಳಿಗ್ಗೆ ಅವಳು ಆ ಪಟ್ಟಿಯಲ್ಲಿ ಕುಳಿತಲ್ಲೇ ಬಲಕ್ಕೆ ವಾಲಿದಳು. ಸಟ್ಟುಗ ಕೈಯಲ್ಲೇ ಇತ್ತು. ನಾನು ಮೊದಲು, ಏನೋ ಹುಲ್ಲಿನ ಬೇರು ಹುಡುಕಲು ಬಗ್ಗಿದ್ದಾಳೆ ಅಂದುಕೊಂಡೆ. ಕಾಫಿಯ ಇನ್ನೊಂದು ಗುಟುಕು ಕುಡಿದೆ. ಆ ಗುಟುಕನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಆಸ್ಪತ್ರೆಯಿಂದ ಮೂರು ವಾರಕ್ಕೆ ಬಂದಾಗ ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು. ನಾವು ಆಡಿದ್ದು ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಬರುವುದಿಲ್ಲ ಎಂದರು ಡಾಕ್ಟರು. ಬರಲೂಬಹುದು, ಬರದೆಯೂ ಇರಬಹುದು. "ಪ್ರಾಕ್ಟೀಸ್ ಬಿಡಬೇಡಿ" ಎಂದು ಎರಡೆರಡು ಸಲ ಹೇಳಿದರು. ಕೈಕಾಲು ಬಾರದಿದ್ದರೆ ಹೋಗಲಿ, ಎತ್ತಿ ಕೂರಿಸಲು ನಾನಿದ್ದೇನೆ. ಆದರೆ ಅವಳ ಮಾತಿಲ್ಲದ ಮನೆಯಲ್ಲಿ ಇರುವುದು ಹೇಗೆಂದು ನನಗೆ ತಿಳಿಯಲಿಲ್ಲ. ಒಂದು ಮಾತು ಬರಲಿ, ಬೈಗುಳವೇ ಬರಲಿ ಎಂದು ಕಂಡ ದೇವರಿಗೆಲ್ಲ ಹೇಳಿಕೊಂಡೆ.

ಪ್ರಾಕ್ಟೀಸನ್ನು ನಾನು ಹೋಟೆಲು ನಡೆಸಿದ ಹಾಗೆ ನಡೆಸಿದೆ. ಬೆಳಿಗ್ಗೆ ಎಂಟಕ್ಕೆ ಬೆರಳು ಬಿಡಿಸುವುದು, ಒಂಬತ್ತಕ್ಕೆ ಚಿತ್ರದ ಕಾರ್ಡು, ಸಂಜೆ ಹಿಡಿದು ನಿಲ್ಲಿಸುವುದು. ಮಡಚಿಕೊಂಡ ಬೆರಳುಗಳನ್ನು ಬಿಡಿಸುವಾಗ ಅವಳ ಮುಖ ಕಿವುಚಿಕೊಳ್ಳುತ್ತಿತ್ತು. "ಸ್ವಲ್ಪ ಸಹಿಸ್ಕೋ ಮಾರಾಯ್ತಿ, ಒಳ್ಳೇದಕ್ಕೇ ಅಲ್ವಾ" ಅನ್ನುತ್ತಿದ್ದೆ. ಕಾರ್ಡಿನಲ್ಲಿ ಹೂವು ತೋರಿಸಿ "ಹೂ ಅನ್ನು, ಹೂ" ಎಂದು ಪೀಡಿಸುತ್ತಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು ನನ್ನ ಕೈಯಲ್ಲಿನ ಕಾರ್ಡನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಅವಳನ್ನು ನೋಡಿಕೊಳ್ಳಲು ಹಗಲಿಗೆ ಒಬ್ಬ ಹೆಂಗಸು ಬರುತ್ತಿದ್ದಳು. ಇಲ್ಲಿಯವಳೇ, ಐವತ್ತರ ಸುಮಾರು, ಗಟ್ಟಿಮುಟ್ಟಾದ ಮೈ, ಮದರಾಸಿನ ಬೀದಿ ತಮಿಳು. ನಾವು ಅವಳನ್ನು ಆಯಾ ಎಂದೇ ಕರೆಯುತ್ತಿದ್ದೆವು. ಬಿಸಿಲು ಇಳಿದ ಮೇಲೆ ಆಯಾ ಗಾಲಿಕುರ್ಚಿಯನ್ನು ಅಡಿಗೆಮನೆಯ ಹಿಂಬಾಗಿಲಿಗೆ ತಂದು ನಿಲ್ಲಿಸುತ್ತಿದ್ದಳು. ನನ್ನ ಹೆಂಡತಿ ತನ್ನ ಪಟ್ಟಿಯನ್ನು ನೋಡುತ್ತ ಕೂರುತ್ತಿದ್ದಳು.

ನೋಡಲು ಏನಿತ್ತು? ಎರಡೇ ತಿಂಗಳಲ್ಲಿ ಕಳೆ ಎದ್ದು ಕುಣಿಯುತ್ತಿತ್ತು. ಒಂದು ಬೇಸಗೆ ಮಳೆ ಬಿದ್ದದ್ದೇ ಸಾಕಾಯಿತು, ಜೇಕು ಮೊಣಕಾಲೆತ್ತರ ಬೆಳೆಯಿತು. ಗರಿಕೆ ಮಲ್ಲಿಗೆಯ ಬುಡದಿಂದ ಕನಕಾಂಬರದ ಬುಡಕ್ಕೆ ಹಗ್ಗ ಕಟ್ಟಿತ್ತು. ಮೈಲಾಪೂರಿನಲ್ಲಿ ಗಣಪತಿಗೆಂದು ಗರಿಕೆಯನ್ನು ಕಟ್ಟು ಕಟ್ಟಿ ಮಾರುತ್ತಾರೆ, ನಮ್ಮ ಹಿತ್ತಲಲ್ಲಿ ಊರ ಗಣಪತಿಗಳಿಗೆಲ್ಲ ಸಾಲುವಷ್ಟಿತ್ತು. ನಾನು ಮಂಡಿ ಬಗ್ಗಿಸಿ ಕುಳಿತು ಕಿತ್ತುನೋಡಿದೆ. ಹುಲ್ಲು ಕೈಗೆ ಬಂತು, ಗಡ್ಡೆ ಒಳಗೇ ಉಳಿಯಿತು. ಎದ್ದು ನಿಲ್ಲಲು ಆಯಾ ಬಂದು ಕೈ ಹಿಡಿಯಬೇಕಾಯಿತು. ಅವಳು ಎಬ್ಬಿಸುವಾಗ ನನ್ನ ಹೆಂಡತಿ ಮುಖ ಆ ಕಡೆ ತಿರುಗಿಸಿದಳು. ಅವಳ ತೋಟವನ್ನು ಉಳಿಸಿಕೊಟ್ಟರೆ ಅವಳಿಗೆ ಜೀವ ಬರುತ್ತದೆ, ಜೀವ ಬಂದರೆ ಮಾತು ಬರುತ್ತದೆ ಎಂದು ಅಂದೇ ನನ್ನ ತಲೆಗೆ ಹೊಕ್ಕಿತು.

ಉಪಾಯ ಹೇಳಿದವಳು ಮಗಳು. ಅವಳು ತಾಂಬರಂನಲ್ಲಿ ಇದ್ದಾಳೆ, ಭಾನುವಾರ ಎಲೆಕ್ಟ್ರಿಕ್ ಟ್ರೇನು ಹಿಡಿದು ಬಂದುಹೋಗುತ್ತಾಳೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ಚಿಕ್ಕಂದಿನ ಅಭ್ಯಾಸ. "ಮಲ್ಚ್ ಪೋಡುಪ್ಪಾ, ಕಳೈಯೇ ವರಾದು" ಅಂದಳು. ಮಲ್ಚ್ ಹಾಕಪ್ಪ, ಕಳೆಯೇ ಬರುವುದಿಲ್ಲ. ಮೊಬೈಲಿನಲ್ಲಿ ತೋರಿಸಿದಳು ಕೂಡ: ಒಬ್ಬ ಮನುಷ್ಯ ಗಿಡಗಳ ನಡುವಿನ ಮಣ್ಣಿಗೆ ಒಣ ಎಲೆ, ಹುಲ್ಲು, ತೊಗಟೆ ಹೊದಿಸುತ್ತಿದ್ದ. ಬೆಳಕು ಸಿಗದೆ ಕಳೆ ಸಾಯುತ್ತದಂತೆ, ಮಣ್ಣು ತಂಪಾಗಿರುತ್ತದಂತೆ, ಹೊದಿಕೆ ಕೊಳೆತು ಗೊಬ್ಬರವಾಗುತ್ತದಂತೆ. ನನಗೆ ಅರ್ಧ ಸಾಕಾಯಿತು. ಮುಚ್ಚುವುದು ತಾನೆ? ಅದು ನನ್ನ ವೃತ್ತಿ.

ಉಳಿದರ್ಧವನ್ನು ನಾನು ಕೇಳಲಿಲ್ಲ.

ಮರುದಿನದಿಂದ ಸಾಮಾನು ಸೇರಿಸಲು ತೊಡಗಿದೆ. ಹಳೆಯ ಹೋಟೆಲಿನವರಿಗೆ ನನ್ನ ಮೇಲೆ ಇನ್ನೂ ಮರ್ಯಾದೆ ಇತ್ತು. ತೆಂಗಿನಕಾಯಿ ಸುಲಿದ ನಾರು, ಬಾಳೆಲೆ ಕತ್ತರಿಸಿ ಉಳಿದ ತುದಿ, ಡಿಕಾಕ್ಷನ್ ಇಳಿಸಿದ ಕಾಫಿಪುಡಿ, ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿ ಆಟೋದಲ್ಲಿ ಕಳಿಸುತ್ತಿದ್ದರು. ನಮ್ಮ ಬೀದಿಯ ಮಳೆಮರ, ಹೊಂಗೆ ಮರಗಳ ತರಗೆಲೆಯನ್ನು ಗುಡಿಸುವವಳ ಹತ್ತಿರ ಹೇಳಿ ಹಾಕಿಸಿಕೊಂಡೆ. ಮೊದಲು ಹುಲ್ಲು ಕತ್ತರಿಸಿ, ನೆಲಕ್ಕೆ ನೀರು ಚಿಮುಕಿಸಿ, ಹಳೆಯ ಪೇಪರನ್ನು ಮಸಾಲೆದೋಸೆ ಪಾರ್ಸೆಲ್ಲಿಗೆ ಹಾಸುವ ಹಾಗೆ ಒಂದರ ಅಂಚಿನ ಮೇಲೊಂದು ಹಾಸಿದೆ. ಅದರ ಮೇಲೆ ತರಗೆಲೆ, ಅದರ ಮೇಲೆ ನಾರು. ನಿಂತುಕೊಂಡೇ ಮಾಡಬಹುದಾದ ಕೆಲಸ. ಬಹಳ ದಿನಗಳ ಮೇಲೆ ಬೆವರು ಬಂತು, ಹಸಿವೂ ಆಯಿತು.

ಅವಳು ಮಾತಾಡಿದ್ದು ಅವತ್ತು. ಆಷಾಢದ ಒಂದು ಸಂಜೆ, ಮೋಡ ಕವಿದಿತ್ತು, ಅವಳು ಎಂದಿನಂತೆ ಬಾಗಿಲಲ್ಲಿ ಕುರ್ಚಿಯಲ್ಲಿದ್ದಳು. ನಾನು ಒಂದು ಬುಟ್ಟಿ ಎಲೆಯನ್ನು ಮಲ್ಲಿಗೆಯ ಹತ್ತಿರ ಸುರಿಯುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು. ಗಂಟಲಿನ ಆಳದಿಂದ ಎತ್ತಿ ತಂದ, ಒಡೆದ ದನಿ.

"ಬು... ಡ."

ಬುಟ್ಟಿ ಕೈಯಿಂದ ಜಾರಿತು. ತಿರುಗಿ ನೋಡಿದರೆ ಅವಳ ಎಡಗೈ ಮೇಲೆದ್ದಿತ್ತು, ಬೆರಳು ಮಲ್ಲಿಗೆಯ ಕಡೆಗಿತ್ತು. ನಾನು ಓಡಿಹೋಗಿ ಕುರ್ಚಿಯ ಮುಂದೆ ನಿಂತೆ. "ಎಂತ? ಇನ್ನೊಮ್ಮೆ ಹೇಳು, ಇನ್ನೊಮ್ಮೆ" ಎಂದೆ. ಅವಳು ಹೇಳಿದಳು. ಕೊನೆಯ ಸ್ವರ ತುಟಿಯಲ್ಲೇ ಉಳಿಯಿತು, ಮಿಕ್ಕದ್ದು ಸ್ಪಷ್ಟವಾಗಿತ್ತು. ಬುಡ. ಗಿಡದ ಬುಡ. ನನ್ನ ಹೆಂಡತಿ ತೋಟದ ಕೆಲಸ ಹೇಳಿಕೊಡುತ್ತಿದ್ದಾಳೆ! ಬುಡಕ್ಕೆ ಹಾಕಿ, ದೂರ ದೂರ ಚೆಲ್ಲಬೇಡಿ ಅನ್ನುತ್ತಿದ್ದಾಳೆ! "ಬುಡಕ್ಕೆ ಹಾಕ್ಬೇಕಾ? ಹಾಕ್ತೇನೆ, ಹಾಕ್ತೇನೆ" ಎನ್ನುತ್ತ ಅತ್ತೆ. ಎಲೆಯನ್ನು ಎರಡೂ ಕೈಯಲ್ಲಿ ಬಾಚಿ ಮಲ್ಲಿಗೆಯ ಕಾಂಡಕ್ಕೆ ಒತ್ತಿ ಒತ್ತಿ ತುಂಬಿದೆ. ಅವಳು ಮತ್ತೆ ಹೇಳಿದಳು, ಈ ಸಲ ಜೋರಾಗಿ. ನಾನು ಇನ್ನಷ್ಟು ತುಂಬಿದೆ.

ಮಗಳಿಗೆ ಫೋನು ಮಾಡಿದೆ, ಡಾಕ್ಟರಿಗೆ ಮಾಡಿದೆ, ಹೋಟೆಲಿನವರಿಗೂ ಮಾಡಿದೆ. ಎಲ್ಲರಿಗೂ ಖುಷಿ. ಒಂದು ಮಾತು ಬಂದರೆ ಹಿಂದೆಯೇ ಇನ್ನೊಂದು ಬರಬಹುದು ಎಂದರು ಡಾಕ್ಟರು.

ಆಮೇಲೆ ಅವಳು ಆ ಮಾತನ್ನು ದಿನವೂ ಆಡಿದಳು. ಬೆಳಿಗ್ಗೆ ಬೆರಳು ಬಿಡಿಸುವಾಗ, ಕಾರ್ಡು ತೋರಿಸುವಾಗ, ಬಗಲಿಗೆ ಕೈಕೊಟ್ಟು ಎತ್ತಿ ನಿಲ್ಲಿಸುವಾಗ, ಸದಾ ಅದೇ ಮಾತು. ಪಾಪ, ಮನಸ್ಸೆಲ್ಲ ತೋಟದಲ್ಲೇ ಇದೆ ಎಂದುಕೊಂಡೆ. "ಆಯ್ತು, ಇದೊಂದು ಮುಗಿಸುವ, ಆಮೇಲೆ ಬುಡಕ್ಕೆ ಹಾಕ್ಲಿಕ್ಕೆ ಹೋಗುವ" ಎಂದು ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದೆ. ಬೆರಳನ್ನು ಇನ್ನೂ ಹತ್ತು ಸಲ ಬಿಡಿಸುತ್ತಿದ್ದೆ. ಆಮೇಲೆ ಹೇಳಿದಂತೆ ಹಿತ್ತಲಿಗೆ ಹೋಗಿ ಒಂದು ಬುಟ್ಟಿ ಸುರಿಯುತ್ತಿದ್ದೆ. ಮಲ್ಲಿಗೆಗೆ, ಕನಕಾಂಬರಕ್ಕೆ, ದಾಸವಾಳಕ್ಕೆ ಒಂದೊಂದು ಗುಡ್ಡೆಯಾಯಿತು. ಅದರ ನೆತ್ತಿಗೆ ಕಾಫಿಪುಡಿ. ಚೆನ್ನಾಗಿ ಕಾಣುತ್ತಿತ್ತು.

ಒಂದು ದಿನ ಆಯಾ ಕುರ್ಚಿಯ ಹಿಂದೆ ನಿಂತವಳು, "ಸಾರ್, ಅಮ್ಮಾ ವುಡುನ್ನು ಸೊಲ್ರಾಂಗೊ" ಅಂದಳು. ಅಮ್ಮ ವುಡು ಅನ್ನುತ್ತಿದ್ದಾರಂತೆ; ವುಡು ಅಂದರೆ ಮದರಾಸಿನ ಬೀದಿಯಲ್ಲಿ ಬಿಡು ಅಂತ. ನನಗೆ ನಗು ಬಂತು. ಕನ್ನಡ ಬಾರದವಳು ನನ್ನ ಹೆಂಡತಿಯ ಮಾತನ್ನು ನನಗೆ ಅರ್ಥ ಮಾಡಿಸುತ್ತಿದ್ದಾಳೆ! "ಇಲ್ಲೆಮ್ಮಾ, ಅದು ಕನ್ನಡಂ. ಬುಡಾನ್ನಾ ಚೆಡಿಯೋಡ ಅಡಿ" ಎಂದು ಗಿಡದ ಬುಡ ತೋರಿಸಿ ತಿಳಿಸಿಕೊಟ್ಟೆ. ಅವಳು ಗಿಡವನ್ನು ನೋಡಿದಳು, ನನ್ನ ಹೆಂಡತಿಯನ್ನು ನೋಡಿದಳು. "ಎನ್ನಮೋ ಸಾರ್", ಏನೋಪ್ಪ, ಎಂದು ಒಳಗೆ ಹೋದಳು.

ಐಪ್ಪಸಿ ತಿಂಗಳಲ್ಲಿ, ದೀಪಾವಳಿಯ ಹೊತ್ತಿಗೆ, ಮಳೆ ಹಿಡಿಯಿತು. ಚೆನ್ನೈಯ ಮಳೆ ಹೇಗೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಬರುವುದಿಲ್ಲ, ಬಂದರೆ ಹೋಗುವುದಿಲ್ಲ. ಹತ್ತು ಹನ್ನೆರಡು ದಿನ ಹಿತ್ತಲಿಗೆ ಇಳಿಯಲಾಗಲಿಲ್ಲ. ಹೊದಿಕೆ ಮಣ್ಣು ಕೊಚ್ಚಿಹೋಗದಂತೆ ಹಿಡಿದುಕೊಂಡಿತ್ತು. ನೋಡಿದಿರಾ, ಎಷ್ಟು ಒಳ್ಳೆಯದಾಯಿತು ಎಂದು ಎಲ್ಲರ ಹತ್ತಿರ ಹೇಳಿಕೊಂಡೆ. ಮಳೆ ಬಿಟ್ಟ ಮೇಲೆ ಮೊದಲು ತಲೆಯೆತ್ತಿದ್ದು ಜೇಕು. ಪೇಪರು, ಎಲೆ, ನಾರು, ಕಾಫಿಪುಡಿ ಎಲ್ಲವನ್ನೂ ಸೂಜಿಯ ಹಾಗೆ ತೂರಿಕೊಂಡು ಹಸಿರು ತುದಿಗಳು ಸಾಲು ಸಾಲಾಗಿ ನಿಂತಿದ್ದವು. ಗಡ್ಡೆ ಇರುವ ಕಳೆಗೆ ಹೊದಿಕೆ ಲೆಕ್ಕಕ್ಕಿಲ್ಲವಂತೆ. ಇದು ನನಗೆ ಆಮೇಲೆ ತಿಳಿಯಿತು.

ಮಲ್ಲಿಗೆಯ ಎಲೆ ಹಳದಿಯಾಗತೊಡಗಿತು. ನೀರು ಹೆಚ್ಚಾಗಿರಬೇಕು, ಬಿಸಿಲು ಬಿದ್ದರೆ ಸರಿಹೋಗುತ್ತದೆ ಅಂದುಕೊಂಡೆ. ಬಿಸಿಲು ಬಿತ್ತು, ಎಲೆ ಉದುರಿದವು. ಕನಕಾಂಬರ ಒಂದೇ ವಾರದಲ್ಲಿ ನಿಂತಲ್ಲೇ ಒಣಗಿತು. ದಾಸವಾಳದ ಮೊಗ್ಗು ಅರಳದೆ ಬಿದ್ದವು. ಅವಳು ಬಾಗಿಲಲ್ಲಿ ಕುಳಿತು ಇದನ್ನೆಲ್ಲ ದಿನವೂ ನೋಡುತ್ತಿದ್ದಳು. ದಿನವೂ ಆ ಮಾತನ್ನೇ ಹೇಳುತ್ತಿದ್ದಳು, ಕೆಲವು ಸಲ ಕಣ್ಣಲ್ಲಿ ನೀರು ತುಂಬಿಕೊಂಡು. ಅವಳ ಗಿಡ ಸಾಯುತ್ತಿದೆ, ನನ್ನ ಸೇವೆ ಸಾಲದು ಎಂದು ತಿಳಿದು ನಾನು ಇನ್ನೂ ಹಾಕಿದೆ. ಸತ್ಯವಾಗಿ ಹೇಳುತ್ತೇನೆ, ಮಲ್ಲಿಗೆಯ ಸುತ್ತ ಗುಡ್ಡೆ ನನ್ನ ಮೊಣಕಾಲಿನವರೆಗೆ ಬಂದಿತ್ತು.

ಸಂಕ್ರಾಂತಿಗೆ ಅವಳ ತಮ್ಮ ಬಂದ. ಮಂಡ್ಯದ ಹತ್ತಿರ ಸ್ವಂತ ಹೊಲ ಗದ್ದೆ ಮಾಡಿಕೊಂಡಿರುವವನು. ಎಳ್ಳು ಬೆಲ್ಲ, ಒಂದು ಕಟ್ಟು ಕಬ್ಬು ಹೊತ್ತು ತಂದಿದ್ದ. ಅಕ್ಕನನ್ನು ನೋಡಿ ಸ್ವಲ್ಪ ಹೊತ್ತು ಅತ್ತು ಮುಖ ತೊಳೆದುಕೊಂಡ. ಅವನಿಗೆ ತೋರಿಸಲೆಂದೇ ನಾನು ಅವಳ ಬೆರಳು ಬಿಡಿಸಲು ಕುಳಿತೆ. ಅಕ್ಕ ಮಾತಾಡುವುದನ್ನು ಅವನೂ ಕೇಳಲಿ ಎಂಬ ಆಸೆ. ಎರಡನೆಯ ಬೆರಳಿಗೇ ಅವಳು ಹೇಳಿದಳು.

"ನೋಡು, ಕೇಳಿತಲ್ಲ? ಬುಡ ಅಂತ. ತೋಟದ್ದೇ ಯೋಚನೆ ಅವಳಿಗೆ" ಅಂದೆ.

ಅವನು ನನ್ನ ಮುಖ ನೋಡಿದ. "ಬುಡ ಅಲ್ಲ ಕಣ್ ಭಾವ" ಅಂದ. "ಬುಡು ಅಂತಾವ್ಳೆ. ಬುಡು. ನೋಯ್ತದೆ, ಬುಟ್ಬುಡು ಅಂತ."

"ಅವಳು ಹಾಗೆ ಮಾತಾಡುವವಳಲ್ಲ. ಅವಳು ಬಿಡು ಅಂತಾಳೆ."

"ಈಗಂತಾಳೆ. ಚಿಕ್ಕೋಳಿದ್ದಾಗ ನಮ್ಮಂಗೇ ಮಾತಾಡ್ತಿದ್ಲು. ಮೈಸೂರ್ ಹಾಸ್ಟ್ಲಲ್ಲಿ ಹುಡ್ಗೀರು ಆಡ್ಕಂಡು ನಗ್ತಿದ್ರಂತೆ. ಆಮ್ಯಾಕೆ ರಜಕ್ಕೆ ಬಂದ್ರೆ ನಮ್ ಜೊತೆ ಬಾಯೇ ಬುಡ್ತಿರ್ಲಿಲ್ಲ. ಅವ್ವ ಬೈಯದು, ಏನವ್ವ, ಮಾತ್ನೆಲ್ಲ ಮೈಸೂರಲ್ಲೇ ಬುಟ್ಟು ಬಂದ್ಯಾ ಅಂತ."

ಬುಡು ಎನ್ನುವುದನ್ನು ನಾನು ಸಿನಿಮಾದಲ್ಲಿ ಕೇಳಿದ್ದೆ. ಹೋಟೆಲಿಗೆ ಬರುವ ಮಂಡ್ಯದ ಲಾರಿ ಡ್ರೈವರುಗಳ ಬಾಯಲ್ಲಿ ಕೇಳಿ ನಕ್ಕಿದ್ದೆ ಕೂಡ. ಅವಳ ಮುಂದೆಯೇ ಅಣಕಿಸಿದ್ದೇನೋ ಏನೋ, ನೆನಪಿಲ್ಲ. ಅವಳು ಆ ಮಾತನ್ನು ನನ್ನಿಂದ ಅಷ್ಟು ವರ್ಷ ಬಚ್ಚಿಟ್ಟಿದ್ದಳು. ಇಸ್ತ್ರಿ ಹಾಕಿದ ಕನ್ನಡವೆಲ್ಲ ಹೋದ ಮೇಲೆ ಅವಳಿಗೆ ಉಳಿದದ್ದು ಅದೊಂದೇ. ಅದನ್ನು ಕೇಳಿಸಿಕೊಳ್ಳಲು ನನಗೆ ಬರಲಿಲ್ಲ. ತಮಿಳಿನ ಆಯಾಗೆ ಬಂತು.

ಅವಳ ಕೈ ಇನ್ನೂ ನನ್ನ ಕೈಯಲ್ಲಿತ್ತು. ನಾನು ಬಿಟ್ಟೆ. ಆಷಾಢದಿಂದ ಸಂಕ್ರಾಂತಿಯವರೆಗೆ ಅವಳು ದಿನಕ್ಕೆ ಎಷ್ಟು ಸಲ ನನ್ನನ್ನು ಬೇಡಿಕೊಂಡಿದ್ದಾಳೆ ಎಂದು ನೆನೆಸಿಕೊಳ್ಳಲು ಹೋಗಿ ನಿಲ್ಲಿಸಿದೆ. ಬೇಡಿಕೊಂಡಾಗಲೆಲ್ಲ ನಾನು ಖುಷಿಪಟ್ಟಿದ್ದೆ. ಇನ್ನೊಮ್ಮೆ ಹೇಳು ಅಂದಿದ್ದೆ.

ಭಾಮೈದನೇ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಮಲ್ಲಿಗೆಯ ಗುಡ್ಡೆಗೆ ಕೈ ಹಾಕಿ ಹಿಂದಕ್ಕೆ ಎಳೆದ. ಒಳಗಿನಿಂದ ಬಿಸಿ ಹಬೆ ಬಂತು, ಹುಳಿತ ಹಿಟ್ಟಿನ ವಾಸನೆ. ಕಾಫಿಪುಡಿ ಹೆಪ್ಪುಗಟ್ಟಿ ತಟ್ಟೆಯಾಗಿತ್ತು. ಅದರ ಕೆಳಗೆ ಸುರುಳಿ ಸುತ್ತಿದ ಚೋರಟೆ ಹುಳುಗಳು, ಒರಲೆ ಹತ್ತಿದ ಪೇಪರು, ಬಿಳಿ ಬೂಷ್ಟು. ಕಾಂಡವನ್ನು ಉಗುರಿನಿಂದ ಗೀರಿದ. ತೊಗಟೆ ನೆನೆದ ಕಾಗದದ ಹಾಗೆ ಸುಲಿದು ಬಂತು, ಒಳಗೆ ಕಂದು. "ಬುಡಕ್ಕೆ ಗಾಳಿ ಆಡ್ಬೇಕು ಭಾವ. ಬುಡ ಬುಟ್ಟು ಒಂದ್ ಗೇಣು ಆಚೆಗ್ ಹಾಕ್ಬೇಕಿತ್ತು" ಅಂದ. ಅಷ್ಟು ಹೇಳಿ, ಹೇಳಬಾರದಿತ್ತು ಅನ್ನಿಸಿತೋ ಏನೋ, ನೆಲ ಕೆದಕುತ್ತ ಕುಳಿತ. ಅವನು ಹೇಳಿದ್ದು ನಾನು ಕೇಳದೆ ಬಿಟ್ಟ ಆ ಉಳಿದರ್ಧ. ಹೊದಿಕೆ ಕಾಂಡಕ್ಕೆ ತಾಗಬಾರದು. ಮಗಳು ತೋರಿಸಿದ ಮೊಬೈಲಿನ ಮನುಷ್ಯನೂ ಅದನ್ನೇ ಹೇಳಿದ್ದನಂತೆ. ನನ್ನ ಹೆಂಡತಿ ಮೊದಲ ದಿನ ಬೆರಳು ತೋರಿಸಿ ಹೇಳಿದ್ದೂ ಅದೇ ಇರಬೇಕು.

ಅವತ್ತು ಸಂಜೆಯೊಳಗೆ ಎಲ್ಲವನ್ನೂ ಎಳೆದು ಹೊರಗೆ ಹಾಕಿದೆವು. ಮಲ್ಲಿಗೆ, ಕನಕಾಂಬರ, ದಾಸವಾಳ ಸತ್ತಿದ್ದವು. ಸುಗಂಧರಾಜದ ಗಡ್ಡೆ ಕೊಳೆತು ಲೋಳೆಯಾಗಿತ್ತು. ಮರುಗದ ಗುರುತೇ ಇರಲಿಲ್ಲ. ಗೋಡೆಯ ಹತ್ತಿರ ನನ್ನ ಬುಟ್ಟಿ ಅಷ್ಟಾಗಿ ಎಟುಕದ ನಂದಿಬಟ್ಟಲು ಒಂದು ಮಾತ್ರ ಉಳಿದಿತ್ತು.

ನಾನು ಒಳಗೆ ಬಂದು ಕುರ್ಚಿಯ ಮುಂದೆ ಕುಳಿತೆ. ಮಂಡಿ ನೋಯುತ್ತಿತ್ತು, ನೋಯಲಿ. "ಬಿಟ್ಟೆ" ಅಂದೆ. "ಕೇಳಿತು ನನಗೆ. ಇನ್ನು ಬೆರಳು ಎಳೆಯುವುದಿಲ್ಲ, ಕಾರ್ಡು ತೋರಿಸುವುದಿಲ್ಲ. ಬಿಟ್ಟುಬಿಟ್ಟೆ." ಅವಳು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟಳು. ಇಷ್ಟು ತಿಂಗಳಲ್ಲಿ ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ನೋಡಿರಲಿಲ್ಲ.

ಆ ದಿನದಿಂದ ಅವಳು ಆ ಮಾತನ್ನೂ ಆಡಲಿಲ್ಲ.

ಮೊದಲ ವಾರ ನನಗೆ ಅದು ಗೊತ್ತೇ ಆಗಲಿಲ್ಲ. ಮನೆ ಶಾಂತವಾಗಿತ್ತು, ಅವಳು ಚೆನ್ನಾಗಿ ಉಂಡಳು, ನಿದ್ದೆ ಮಾಡಿದಳು. ಎರಡನೆಯ ವಾರ ಕಿವಿ ಹುಡುಕತೊಡಗಿತು. ತಮ್ಮನ ಫೋನು ಬಂದಾಗ ಅವಳ ಕಿವಿಗೆ ಹಿಡಿದೆ. ಅವನು "ಅಕ್ಕ, ಬುಡು ಅನ್ನಕ್ಕ, ಒಂದ್ಸತಿ" ಅನ್ನುತ್ತಿದ್ದುದು ನನಗೂ ಕೇಳಿಸಿತು. ಅವಳು ಫೋನಿನ ಕಡೆ ನೋಡುತ್ತ ಸುಮ್ಮನಿದ್ದಳು. ಡಾಕ್ಟರು ಪ್ರಾಕ್ಟೀಸು ಯಾಕೆ ನಿಲ್ಲಿಸಿದಿರಿ ಎಂದು ಬೈದರು. ಮಗಳೂ "ಏನ್ಪ್ಪಾ ವಿಟ್ಟೀಂಗ?" ಎಂದು ಅತ್ತಳು. ಯಾಕೆ ಬಿಟ್ಟೆ ಎಂದು ಯಾರಿಗೆ ಹೇಳಲಿ? ಅವಳೇ ಬಿಡು ಅಂದಳು ಎಂದರೆ ನಂಬುವವರು ಯಾರು? ಅವಳಿಗಿದ್ದದ್ದು ಒಂದೇ ಮಾತು. ಅದು ಬೇಡಿಕೆ. ಅದನ್ನು ನಡೆಸಿಕೊಟ್ಟು ನಾನು ಅದನ್ನೂ ಕಿತ್ತುಕೊಂಡೆ.

ಒಂದು ಬೆಳಿಗ್ಗೆ ತಡೆಯಲಾಗದೆ ಮತ್ತೆ ಅವಳ ಕೈ ಹಿಡಿದು ಬೆರಳು ಬಿಡಿಸಿದೆ. ಒಂದು, ಎರಡು, ಐದೂ ಬೆರಳು. ನೋವಾಗುವಷ್ಟು ಎಳೆದೆ. ಅವಳು ಕೈಯನ್ನು ನನಗೆ ಒಪ್ಪಿಸಿ ಕಿಟಕಿಯ ಆಚೆ ನೋಡುತ್ತಿದ್ದಳು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಈಗ ಮಾಸಿ ತಿಂಗಳು, ಶಿವರಾತ್ರಿ ಕಳೆದು ಬಿಸಿಲು ಏರುತ್ತಿದೆ. ಪಟ್ಟಿಯಲ್ಲಿ ಜೇಕು, ಆ ಒಂದು ನಂದಿಬಟ್ಟಲು ಬಿಟ್ಟರೆ ಬೇರೇನಿಲ್ಲ. ನಿನ್ನೆ ಸಂಜೆ ಆಯಾ ಕುರ್ಚಿಯನ್ನು ಬಾಗಿಲಿಗೆ ತಂದು ನಿಲ್ಲಿಸಿ ಮನೆಗೆ ಹೋದಳು. ನಾನು ಬೀದಿಗೆ ಹೋಗಿ ಹೊಂಗೆಯ ತರಗೆಲೆ ಒಂದು ಬುಟ್ಟಿ ತುಂಬಿ ತಂದೆ. ಹೆಂಡತಿಗೆ ಕಾಣುವ ಹಾಗೆ ಕುರ್ಚಿಯ ಪಕ್ಕದಲ್ಲೇ ಹಾದುಹೋದೆ. ನಂದಿಬಟ್ಟಲಿನ ಮುಂದೆ ನಿಂತು ಬುಟ್ಟಿಯನ್ನು ಬೋರಲು ಹಾಕಿದೆ, ಎಲೆಯನ್ನು ಕಾಂಡಕ್ಕೆ ಒತ್ತಿದೆ, ಕಾಲಿನಿಂದ ತುಳಿದೆ. ತಿರುಗಿ ನೋಡಿದೆ. ಅವಳು ನೋಡುತ್ತಿದ್ದಳು. ಇನ್ನೊಂದು ಬುಟ್ಟಿ ತಂದೆ. ಬುಡ ಪೂರ್ತಿ ಮುಚ್ಚಿಹೋಯಿತು.

ಕುರ್ಚಿಯ ಹತ್ತಿರ ಬಂದು ಬಗ್ಗಿ, "ಹೇಳು ಮಾರಾಯ್ತಿ" ಅಂದೆ. "ಒಂದು ಸಲ ಹೇಳು. ಬೈಯಿ ಬೇಕಾದ್ರೆ."

ಅವಳು ಎಡಗೈ ಎತ್ತಿದಳು. ನಾನು ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದೆ. ನನ್ನ ಅಂಗಿಯ ತೋಳಿಗೆ ಅಂಟಿಕೊಂಡಿದ್ದ ಒಂದು ಎಲೆಯನ್ನು ಎರಡು ಬೆರಳಲ್ಲಿ ಬಿಡಿಸಿ ಕೆಳಗೆ ಹಾಕಿ, ಕೈಯನ್ನು ಮತ್ತೆ ಮಡಿಲಲ್ಲಿ ಇಟ್ಟುಕೊಂಡಳು.